ಫಿಲಿಪೈನ್ಸ್‌ಗೆ ಮೊದಲ ಸಲ ಹೋಗುವವರು ಏನೇನು ತಿಳಿದಿರಬೇಕು?

ಅಲ್ಲಿಗೆ ತಲುಪುವ ಮುಂಚಿನ 72 ಗಂಟೆಯೊಳಗೆ ಅಲ್ಲಿನ ಸರ್ಕಾರದ ಇಟ್ರಾವೆಲ್ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಿ. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಮುಚ್ಚಿಬಿಡಿ. ಸಿಮ್ ನೋಂದಣಿಗೆ ಪಾಸ್‌ಪೋರ್ಟ್ ಬೇಕು.

ಜೇಬಲ್ಲಿ ಚಿಲ್ಲರೆ ಇರಲಿ. ಎಟಿಎಂ ಕೊಡುವ 1000 ಪೆಸೊ ನೋಟು ಹಿಡಿದು ಜೀಪ್ನಿ (ಅಲ್ಲಿನ ಜೀಪಿನಂಥ ಸಣ್ಣ ಬಸ್ಸು) ಹತ್ತಿದರೆ ಕಷ್ಟ, ಅದನ್ನು ಮೊದಲೇ ಸೂಪರ್‌ಮಾರ್ಕೆಟ್‌ನಲ್ಲಿ ಮುರಿಸಿಕೊಳ್ಳಿ. ಜೀಪ್ನಿಯಲ್ಲಿ ಸಾಮಾನ್ಯವಾಗಿ ಕಂಡಕ್ಟರ್ ಇರುವುದಿಲ್ಲ. "ಬಯಾದ್ ಪೊ" ಅಂತ ಪಕ್ಕದವರಿಗೆ ದುಡ್ಡು ಕೊಟ್ಟರೆ ಅದು ಕೈಯಿಂದ ಕೈಗೆ ದಾಟಿ ಡ್ರೈವರ್ ತಲುಪುತ್ತದೆ, ಉಳಿದ ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಇಳಿಯಬೇಕಾದಾಗ "ಪಾರಾ ಪೊ" ಅನ್ನಿ. ಈ "ಪೊ" ನಮ್ಮ "ರೀ" ಇದ್ದ ಹಾಗೆ, ಮರ್ಯಾದೆಯ ಮಾತು. ಇದೊಂದು ಕಲಿತರೆ ಜನ ಎಷ್ಟು ಬೇಗ ಹತ್ತಿರವಾಗುತ್ತಾರೆ ಅಂದ್ರೆ, ಬೇರೆ ಯಾವ ಸಲಹೆ ಮರೆತರೂ ಇದನ್ನು ಮರೆಯಬೇಡಿ.

ಸಸ್ಯಾಹಾರಿಗಳು ಜಾಸ್ತಿ ಹುಷಾರಾಗಿರಬೇಕು. ಪಿನಕ್ಬೆಟ್ ನೋಡೋಕೆ ಬದನೆ, ಬೆಂಡೆ, ಹಾಗಲ, ಕುಂಬಳ ಹಾಕಿದ ನಮ್ಮನೆ ಪಲ್ಯದ ಹಾಗೇ ಇರುತ್ತದೆ, ಆದರೆ ಅದಕ್ಕೆ ರುಚಿ ಕೊಡುವುದು ಬಗೂಂಗ್, ಅಂದರೆ ಹುಳಿ ಬರಿಸಿದ ಸೀಗಡಿ ಅಥವಾ ಮೀನು. "ಮಾಂಸ ಬೇಡ" ಅಂದರೆ ಸಾಲದು. "ವಲಾಂಗ್ ಇಸ್ದಾ, ವಲಾಂಗ್ ಬಗೂಂಗ್, ವಲಾಂಗ್ ಪಾತಿಸ್", ಅಂದರೆ ಮೀನು, ಬಗೂಂಗ್, ಮೀನಿನ ಸಾಸ್ ಯಾವುದೂ ಬೇಡ ಅಂತ ಬಿಡಿಸಿ ಹೇಳಿ.

ನಲ್ಲಿ ನೀರು ಕುಡಿಯಬೇಡಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಎಚ್ಚರಿಕೆ ಬಂದರೆ ದ್ವೀಪಗಳ ನಡುವಿನ ದೋಣಿಗಳು ನಿಂತುಹೋಗುತ್ತವೆ. ಹಾಗಾಗಿ ಪಲಾವನ್‌ನಂಥ ದ್ವೀಪಗಳಲ್ಲಿ ಸುತ್ತುವವರು ವಾಪಸ್ ವಿಮಾನಕ್ಕೆ ಮುಂಚೆ ಒಂದೆರಡು ದಿನ ಖಾಲಿ ಇಟ್ಟುಕೊಳ್ಳಿ. ತುರ್ತು ನಂಬರ್ 911.