ಮೂರು ವಾರದಿಂದ ಬರೀ ಚಾಟ್ನಿ!

ಪ್ರಶ್ನೆ: ತೋಟಗಾರಿಕೆ ಓದುತ್ತಿದ್ದೇನೆ. ನಿರ್ವಹಣೆ ಕಲಿಯಲು ಅಂತ ಒಂದು ಹಂಗಾಮಿನ ತರಬೇತಿಗೆ ವೈನ್ ದ್ರಾಕ್ಷಿ ತೋಟಕ್ಕೆ ಬಂದೆ. ಮೂರು ವಾರದಿಂದ ಬೆಳಗ್ಗೆಯಿಂದ ಸಂಜೆವರೆಗೆ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸೋದು ಬಿಟ್ಟರೆ ಬೇರೆ ಕೆಲಸವಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ನಿರ್ವಹಣೆ ಶುರುವಾಗೋದು ಯಾವಾಗ?

ಉತ್ತರ: ಶುರುವಾಗಿ ಮೂರು ವಾರ ಆಯ್ತಲ್ವಾ!

ಗೊನೆ ಬರುವುದು ಈ ಹಂಗಾಮಿನ ಹಸಿರು ಚಿಗುರಿನಲ್ಲಿ. ಆ ಚಿಗುರು ಹೊರಡುವುದು ಹಿಂದಿನ ಹಂಗಾಮಿನಲ್ಲಿ ಬಲಿತ ಕಡ್ಡಿಯ ಕಣ್ಣಿನಿಂದ, ಅಂದರೆ ಮೊಗ್ಗಿನಿಂದ. ಹಾಗಾಗಿ ನೀವು ಎಷ್ಟು ಕಣ್ಣು ಉಳಿಸುತ್ತೀರಿ ಅನ್ನುವುದರಲ್ಲೇ ಮುಂದಿನ ಫಸಲಿನ ಅರ್ಧ ಲೆಕ್ಕ ಮುಗಿದಿರುತ್ತದೆ. ಜಾಸ್ತಿ ಬಿಟ್ಟರೆ ಗೊನೆ ಜಾಸ್ತಿ, ಆದರೆ ಹಣ್ಣು ತಡ, ಸಕ್ಕರೆಯೂ ಏರುವುದಿಲ್ಲ. ಕೆಲವು ತಳಿಗೆ ಎರಡು ಕಣ್ಣು ಸಾಕು. ಥಾಮ್ಸನ್ ಸೀಡ್‌ಲೆಸ್ ಅನ್ನು ಹಾಗೆ ಮೋಟು ಮಾಡಿದರೆ ಬರೀ ಎಲೆ ನೋಡಬೇಕಾಗುತ್ತದೆ, ಯಾಕೆಂದರೆ ಅದರ ಬುಡದ ಕಣ್ಣುಗಳಲ್ಲಿ ಗೊನೆ ಬರುವುದು ತೀರಾ ಕಡಿಮೆ.

ಮ್ಯಾನೇಜರ್ ಹತ್ತಿರ ‘ಬೇರೆ ಕೆಲಸ ಕೊಡಿ’ ಅನ್ನಬೇಡಿ. ‘ಈ ಸಾಲಿಗೆ ಎರಡು ಕಣ್ಣು, ಆ ಸಾಲಿಗೆ ಮೂರು ಯಾಕೆ?’ ಅಂತ ಕೇಳಿ, ಮಾತು ತಾನಾಗಿ ಬೆಳೆಯುತ್ತದೆ.

ಇನ್ನೊಂದು ಮಾಡಿ. ಹತ್ತು ಬಳ್ಳಿಗೆ ರಿಬ್ಬನ್ ಕಟ್ಟಿ, ಒಂದೊಂದರಿಂದ ಕತ್ತರಿಸಿದ ಒಂದು ವರ್ಷದ ಕಡ್ಡಿಯನ್ನು ಬೇರೆ ಬೇರೆ ಹೊರೆ ಮಾಡಿ ತೂಗಿ ಬರೆದಿಡಿ. ಕೊಯ್ಲಿನಲ್ಲಿ ಅದೇ ಬಳ್ಳಿಗಳ ಹಣ್ಣು ತೂಗಿ, ಹಣ್ಣಿನ ತೂಕವನ್ನು ಕಡ್ಡಿಯ ತೂಕದಿಂದ ಭಾಗಿಸಿ. ವೈನ್ ದ್ರಾಕ್ಷಿಯಲ್ಲಿ 5ರಿಂದ 10 ಬಂದರೆ ಸಾಮಾನ್ಯವಾಗಿ ಬಳ್ಳಿ ಹದವಾಗಿದೆ ಅಂತ ಅರ್ಥ. ಅದಕ್ಕಿಂತ ಹೆಚ್ಚಾದರೆ ಬಳ್ಳಿಗೆ ಹಣ್ಣಿನ ಭಾರ ಜಾಸ್ತಿ, ಕಡಿಮೆಯಾದರೆ ಬಳ್ಳಿ ಸುಮ್ನೆ ಸೊಕ್ಕಿ ಎಲೆ ಕಡ್ಡಿ ಬೆಳೆಸಿದೆ. ಈ ಲೆಕ್ಕ ಕೈಯಲ್ಲಿದ್ದರೆ ಕಾಲೇಜಿನ ವರದಿಗೆ ಬೇರೆ ವಿಷಯ ಹುಡುಕಬೇಕಿಲ್ಲ.

ಮುಂದೆ ಚಿಗುರು ತೆಗೆಯುವುದು, ಗೊನೆ ಸುತ್ತ ಎಲೆ ಬಿಡಿಸುವುದು, ರೋಗ ನೋಡುವುದು ಎಲ್ಲ ಬರುತ್ತದೆ. ಎಲೆ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಹಳದಿ ಮಚ್ಚೆ ಕಂಡರೆ ತಿರುಗಿಸಿ ನೋಡಿ. ಅಡಿಯಲ್ಲಿ ಬಿಳಿ ಬೂಷ್ಟು ಇದ್ದರೆ ಅದು ಡೌನಿ ಮಿಲ್ಡ್ಯೂ ಅನ್ನುವ ಬೂಷ್ಟು ರೋಗ, ಅವತ್ತೇ ಹೇಳಿಬಿಡಿ.

ಮಳೆ ಬಂದ ದಿನ ಚಾಟ್ನಿ ನಿಲ್ಲಿಸಿದರೆ ರಜೆ ಕೊಟ್ಟರು ಅಂದುಕೊಳ್ಳಬೇಡಿ. ಹಸಿ ಗಾಯದಲ್ಲಿ ಶಿಲೀಂಧ್ರ ಹೊಕ್ಕರೆ ಕೆಲವು ವರ್ಷದಲ್ಲಿ ಕಾಂಡವೇ ಒಣಗಬಹುದು.

ಬೊಬ್ಬೆ ವಿಷಯ ಮರೆತೇಬಿಟ್ಟಿದ್ದೆ. ಕತ್ತರಿ ಮೊಂಡಾಗಿರಬೇಕು, ದಿನಾ ಮಸೆಯಿರಿ. ಹಿಡಿ ನಿಮ್ಮ ಕೈಗೆ ದೊಡ್ಡದಾಗಿದ್ದರೆ ಚಿಕ್ಕದು ಕೇಳಿ ಪಡೆಯಿರಿ.