ಪರದೆ ಕೊಳ್ಳುವ ಮುನ್ನ ಒತ್ತಕ್ಷರ ಓದಿ ನೋಡಿ

ಕೊಪ್ಪಳದಲ್ಲಿ ನಿಮ್ಮದೊಂದು ಗೊಬ್ಬರದ ಅಂಗಡಿ ಇದೆ. ಅಂಗಡಿಯ ಲೆಕ್ಕ, ಮಗಳ ಪದವಿ ಓದು, ರಾತ್ರಿ ಒಂದು ಸಿನಿಮಾ, ಇಷ್ಟಕ್ಕೆ ಯಾವ ರೆಸಲ್ಯೂಷನ್‌ನ ಲ್ಯಾಪ್‌ಟಾಪ್ ಸಾಕು ಎಂದು ಕೇಳಿದ್ದೀರಿ. ರೆಸಲ್ಯೂಷನ್ ಎಂದರೆ ಪರದೆಯ ಅಗಲ ಮತ್ತು ಎತ್ತರದಲ್ಲಿರುವ ಪಿಕ್ಸೆಲ್, ಅಂದರೆ ಚುಕ್ಕೆಗಳ ಎಣಿಕೆ. ನಿಮ್ಮ ಮುಂದಿರುವುದು ಮೂರು: 15.6 ಇಂಚಿನ 1366×768, ಅದೇ ಅಳತೆಯ 1920×1080, ಮತ್ತು 14 ಇಂಚಿನ 2880×1800. ನಡುವಿನದನ್ನು, ಅಂದರೆ ‘ಫುಲ್ ಎಚ್‌ಡಿ’ ಎನ್ನುವುದನ್ನು ಕೊಳ್ಳಿ. ಮೊದಲನೆಯದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ನಾನು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರ ಎಂದು ದಿನವಿಡೀ ಕನ್ನಡ ಅಕ್ಷರ ನೋಡುವ ಕೆಲಸ. ಕೆಲವು ವರ್ಷಗಳ ಹಿಂದೆ ನೀವು ಹೇಳಿದ ಆ ಅಗ್ಗದ ಪರದೆಯೇ ನನ್ನ ಬಳಿ ಇತ್ತು. ಒಂದು ಲಗ್ನಪತ್ರಿಕೆಯಲ್ಲಿ ವರನ ಹೆಸರು ‘ಸಿದ್ಧಲಿಂಗ’ ಎಂದಿರಬೇಕಿತ್ತು, ‘ಸಿದ್ದಲಿಂಗ’ ಎಂದು ಟೈಪ್ ಆಗಿತ್ತು. ಕರಡನ್ನು ಪರದೆಯ ಮೇಲೆ ಮೂರು ಸಲ ಓದಿದೆ. ಎರಡೂ ಒಂದೇ ಹಾಗೆ ಕಾಣುತ್ತಿದ್ದವು. ಐನೂರು ಪತ್ರಿಕೆ ಅಚ್ಚಾಗಿ ಬಂದ ಮೇಲೆ ವರನ ತಂದೆ ಬೆರಳಿಟ್ಟು ತೋರಿಸಿದರು. ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿಕೊಟ್ಟೆ.

ಇಂಗ್ಲಿಷ್ ಓದುವವರಿಗಿಂತ ಕನ್ನಡ ಓದುವವರಿಗೆ ಪರದೆಯ ಸೂಕ್ಷ್ಮತೆ ಹೆಚ್ಚು ಬೇಕು ಎಂಬುದು ಅಂದು ನನಗೆ ತಿಳಿಯಿತು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ದ ಮತ್ತು ಧ, ಡ ಮತ್ತು ಢ ಬೇರೆಯಾಗುವುದು ಅಡಿಯಲ್ಲಿರುವ ಒಂದು ಸಣ್ಣ ಗೀಟಿನಿಂದ. ಶಾಲೆಯಲ್ಲಿ ‘ಹೊಟ್ಟೆ ಸೀಳಿದ ಷ’ ಎಂದು ಕಲಿತಿದ್ದೇವಲ್ಲ, ಆ ಸೀಳು ಮಸುಕಾದರೆ ಷ ಹೋಗಿ ಪ ಆಗಿಬಿಡುತ್ತದೆ. 15.6 ಇಂಚಿನಲ್ಲಿ 1366×768 ಎಂದರೆ ಇಂಚಿಗೆ ಸುಮಾರು 100 ಪಿಕ್ಸೆಲ್. ಒತ್ತಕ್ಷರವು ಮೂಲ ಅಕ್ಷರಕ್ಕಿಂತ ಚಿಕ್ಕದು. ಅದರೊಳಗಿನ ಗೀಟಿಗೆ ಉಳಿಯುವುದು ಒಂದೋ ಎರಡೋ ಪಿಕ್ಸೆಲ್. 1920×1080ರಲ್ಲಿ ಇಂಚಿಗೆ 141 ಆಗುತ್ತದೆ, ಒಟ್ಟು ಪಿಕ್ಸೆಲ್ ಹತ್ತೂವರೆ ಲಕ್ಷದಿಂದ ಇಪ್ಪತ್ತು ಲಕ್ಷ ದಾಟುತ್ತದೆ. ಕಣ್ಣಿಗೆ ಆಗುವ ಸಮಾಧಾನವನ್ನು ಮೊದಲ ದಿನವೇ ಕಾಣುತ್ತೀರಿ.

‘ಫುಲ್ ಎಚ್‌ಡಿಯಲ್ಲಿ ಅಕ್ಷರ ತೀರ ಸಣ್ಣದಾಗುತ್ತದೆ’ ಎಂದು ಯಾರಾದರೂ ಹೆದರಿಸಬಹುದು. ಸಣ್ಣದಾಗುವುದು ನಿಜ, ಆದರೆ ಅದಕ್ಕೆ ಮದ್ದು ಇದೆ. ವಿಂಡೋಸ್‌ನ ಡಿಸ್ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ಸ್ಕೇಲ್’ ಅನ್ನು ಶೇಕಡಾ 125ಕ್ಕೆ ಇಡಿ. ಆಗ ಪರದೆಯಲ್ಲಿ 1536×864ರಷ್ಟು ಜಾಗ ಸಿಗುತ್ತದೆ. ಅಗ್ಗದ ಪರದೆಗಿಂತ ಇದು ಹೆಚ್ಚೇ, ಅಕ್ಷರವೂ ಸ್ಪಷ್ಟ. 150ಕ್ಕೆ ಏರಿಸಿದರೆ ಜಾಗ 1280×720ಕ್ಕೆ ಇಳಿಯುತ್ತದೆ, ಲೆಕ್ಕದ ಹಾಳೆಯ ಸಾಲುಗಳು ಕಡಿಮೆ ಕಾಣುತ್ತವೆ. ಮನೆಯ ಹಿರಿಯರು ಓದಲು ಕುಳಿತಾಗ ಮಾತ್ರ ಅದು ಸರಿ. ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ: ಅಕ್ಷರ ದೊಡ್ಡದಾಗಲಿ ಎಂದು ರೆಸಲ್ಯೂಷನ್ ಅನ್ನೇ 1366×768ಕ್ಕೆ ಇಳಿಸಬೇಡಿ. ಪರದೆಯಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆ ಬದಲಾಗುವುದಿಲ್ಲ. ಚಿತ್ರದ ಒಂದು ಚುಕ್ಕೆಯನ್ನು ಸುಮಾರು 1.4 ಪಿಕ್ಸೆಲ್ ಮೇಲೆ ಹರಡಬೇಕಾಗುತ್ತದೆ, ಅಂಚುಗಳೆಲ್ಲ ಕಲಸಿಹೋಗುತ್ತವೆ. ಅಂಗಡಿಗೆ ಬರುವ ಎಷ್ಟೋ ಜನರ ಲ್ಯಾಪ್‌ಟಾಪ್‌ಗಳಲ್ಲಿ ನಾನೇ ಇದನ್ನು ಸರಿಪಡಿಸಿ ಕಳಿಸಿದ್ದೇನೆ.

2880×1800 ಚೆಂದದ ಪರದೆಯೇ. ಚಿತ್ರ ತಿದ್ದುವವರಿಗೆ ಬೇಕು. ಒಂದೂವರೆ ಅಡಿ ದೂರದಿಂದ ಲೆಕ್ಕ ನೋಡುವ ನಿಮಗೆ ಆ ಹೆಚ್ಚಿನ ಸೂಕ್ಷ್ಮತೆಯಿಂದ ಸಿಗುವುದು ಸ್ವಲ್ಪವೇ, ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ. ಕರೆಂಟ್ ಹೋದಾಗಲೂ ಕೆಲಸ ನಡೆಯಬೇಕಾದ ಅಂಗಡಿಗೆ ಇದು ಸಣ್ಣ ಮಾತಲ್ಲ.

ಅದಕ್ಕೆ ಕೊಡುವ ಹೆಚ್ಚಿನ ಹಣವನ್ನು ಪರದೆಯ ಬೆಳಕಿಗೆ ಹಾಕಿ; ಆ ಬೆಳಕನ್ನು ‘ನಿಟ್ಸ್’ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತು; ಏಪ್ರಿಲ್‌ನಲ್ಲಿ ಅಂಗಡಿಯ ಬಾಗಿಲು ತೆರೆದಿಟ್ಟು ಕುಳಿತರೆ 220 ನಿಟ್ಸ್‌ನ ಪರದೆಯಲ್ಲಿ ನಮ್ಮ ಮುಖವೇ ಕಾಣುತ್ತದೆ. 300 ನಿಟ್ಸ್ ಅಥವಾ ಅದಕ್ಕಿಂತ ಹೆಚ್ಚು ಇರಲಿ, ಮೇಲ್ಮೈ ಹೊಳಪಿಲ್ಲದ್ದಾಗಿರಲಿ, ಪಕ್ಕದಿಂದ ನೋಡಿದರೂ ಬಣ್ಣ ಕೆಡದ ‘ಐಪಿಎಸ್’ ಬಗೆಯ ಪರದೆ ಎಂದು ಬರೆದಿರಲಿ. ಹಳೆಯ ಟಿಎನ್ ಪರದೆಯಾದರೆ ಪಕ್ಕದಲ್ಲಿ ಕುಳಿತ ಮಗಳಿಗೆ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಅದೇ ಬೆಲೆಯ ಆಸುಪಾಸಿನಲ್ಲಿ 1920×1200 ಸಿಕ್ಕರೆ ಬಿಡಬೇಡಿ. ಎತ್ತರದಲ್ಲಿ 120 ಪಿಕ್ಸೆಲ್ ಹೆಚ್ಚು ಸಿಗುವುದರಿಂದ ಲೆಕ್ಕದ ಹಾಳೆಯಲ್ಲಿ ಇನ್ನೂ ಕೆಲವು ಸಾಲು ಕಾಣುತ್ತವೆ.

ಅಂಗಡಿಯಲ್ಲಿ ಓಡಿಸಿ ತೋರಿಸುವ ಬಣ್ಣಬಣ್ಣದ ವಿಡಿಯೊ ನೋಡಿ ತೀರ್ಮಾನಿಸಬೇಡಿ, ಅದು ಯಾವ ಪರದೆಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಒಂದು ಕನ್ನಡ ಪತ್ರಿಕೆಯ ಪುಟ ತೆರೆಸಿ. ‘ಸಿದ್ಧತೆ’, ‘ವಿಷಯ’, ‘ಅಧ್ಯಕ್ಷ’ ಎಂಬ ಪದಗಳನ್ನು ಹುಡುಕಿ, ಮುಂದಕ್ಕೆ ಬಾಗದೆ ಓದಿ. ಆಮೇಲೆ ಡಿಸ್ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ಒಂದೇ ಹೆಸರಿನ ಲ್ಯಾಪ್‌ಟಾಪ್ ಬೇರೆ ಬೇರೆ ಪರದೆಗಳಲ್ಲಿ ಮಾರಾಟಕ್ಕೆ ಬರುತ್ತದೆ, ಹಾಗಾಗಿ ಡಬ್ಬದ ಮೇಲಿನ ಹೆಸರನ್ನು ನಂಬಿ ಹಣ ಕೊಡಬೇಡಿ. 1920×1080ರ ಪಕ್ಕದಲ್ಲಿ ‘ರೆಕಮೆಂಡೆಡ್’ ಎಂದು ಕಂಡ ಮೇಲೆ ಬಿಲ್ ಹಾಕಿಸಿ.