ಒಂದೇ ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನನ್ನ ಕಾರು ಸ್ವಲ್ಪ ಹಳೆಯದು. ಇತ್ತೀಚೆಗೆ ಪಾರ್ಕಿಂಗ್ ಲೈಟಿನ 10 ಆಂಪಿಯರ್ ಫ್ಯೂಸ್ ಹೋಗುತ್ತಲೇ ಇದೆ. ಹೊಸದು ಹಾಕಿದರೆ ಕೆಲವು ಸಲ ನಾಲ್ಕೈದು ದಿನ ಬರುತ್ತದೆ, ಕೆಲವು ಸಲ ಅದೇ ಸಂಜೆ ಸುಟ್ಟುಹೋಗುತ್ತದೆ. ಬಲ್ಬುಗಳನ್ನೆಲ್ಲ ಬದಲಾಯಿಸಿ ಆಯ್ತು. ‘ಸುಮ್ನೆ 20ರದ್ದು ಹಾಕಿಬಿಡಿ’ ಅನ್ನುತ್ತಾರೆ ಗೆಳೆಯರು. ಹಾಕಬಹುದಾ ಸರ್?

ಉತ್ತರ: ಖಂಡಿತ ಬೇಡ. ಫ್ಯೂಸ್ ಇರುವುದು ಬಲ್ಬ್ ಕಾಪಾಡಲಿಕ್ಕಲ್ಲ, ಅಲ್ಲಿಗೆ ಹೋಗುವ ವೈರ್ ಕಾಪಾಡಲಿಕ್ಕೆ. ಆ ವೈರಿನ ದಪ್ಪ ನೋಡಿಯೇ 10 ಅಂತ ಇಟ್ಟಿರುತ್ತಾರೆ. ಕೆಂಪು ಫ್ಯೂಸ್ ತೆಗೆದು ಹಳದಿಯ 20ರದ್ದು ಹಾಕಿದರೆ ಫ್ಯೂಸ್ ಉಳಿಯಬಹುದು, ಆದರೆ ಕಾರ್ಪೆಟ್ ಕೆಳಗೆ ಎಲ್ಲೋ ವೈರ್ ಕಾದು ಪಕ್ಕದ ವೈರುಗಳ ಸಿಪ್ಪೆಯನ್ನೂ ಕರಗಿಸುತ್ತದೆ. ಬೆಂಕಿ ಹತ್ತುವುದು ಹೀಗೇ.

ಈಗ ಒಂದು ಸಣ್ಣ ಲೆಕ್ಕ ನೋಡಿ. ಪಾರ್ಕಿಂಗ್ ಬಲ್ಬ್ ಸಾಮಾನ್ಯವಾಗಿ 5 ವಾಟಿನದು. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಎರಡು ಅಂದರೂ 30 ವಾಟ್ ಆಯ್ತು. 12 ವೋಲ್ಟಿನಲ್ಲಿ ಅದು ಎರಡೂವರೆ ಆಂಪಿಯರ್ ಮಾತ್ರ. ಡ್ಯಾಶ್‌ಬೋರ್ಡಿನ ಬೆಳಕು ಸೇರಿಸಿದರೂ 10ರ ಹತ್ತಿರಕ್ಕೆ ಹೋಗಲ್ಲ. ಹಾಗಾಗಿ ನಿಮ್ಮದು ಲೋಡ್ ಜಾಸ್ತಿಯಾದ ಕೇಸ್ ಅನ್ನಿಸುವುದಿಲ್ಲ. ಎಲ್ಲೋ ಒಂದು ವೈರಿನ ಸಿಪ್ಪೆ ಸವೆದು, ಆಗಾಗ ಕಾರಿನ ಲೋಹದ ಮೈಗೆ ತಾಗಿ ಶಾರ್ಟ್ ಆಗುತ್ತಿದೆ. ಕೆಲವು ದಿನ ಬಾಳಿ ಆಮೇಲೆ ಹೋಗುವುದೂ ಅದಕ್ಕೇ.

ಸುಟ್ಟ ಫ್ಯೂಸನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿಯಿರಿ. ಒಳಗೆ ಕಪ್ಪು ಮಸಿ, ಲೋಹದ ಹನಿಗಳು ಸಿಡಿದಿದ್ದರೆ ನೇರ ಶಾರ್ಟ್ ಇರುವ ಸಾಧ್ಯತೆ ಹೆಚ್ಚು. ಮಸಿಯಿಲ್ಲದೆ ತಂತಿ ಮಾತ್ರ ಮೆಲ್ಲಗೆ ಕರಗಿ ತುಂಡಾಗಿದ್ದರೆ ಲೋಡ್ ಮೇಲೆ ಅನುಮಾನ ಪಡಬೇಕು. ತಂತಿ ಸರಿಯಿದ್ದು ಮೇಲಿನ ಪ್ಲಾಸ್ಟಿಕ್ ಮಾತ್ರ ಕರಗಿದ್ದರೆ ತಪ್ಪು ಫ್ಯೂಸಿನದಲ್ಲ, ಅದು ಕೂರುವ ಕ್ಲಿಪ್ ಸಡಿಲವಾಗಿರುತ್ತದೆ.

ಆಮೇಲೆ ನೆನಪು ಮಾಡಿಕೊಳ್ಳಿ: ಫ್ಯೂಸ್ ಹೋಗುವಾಗ ನೀವೇನು ಮಾಡುತ್ತಿದ್ದಿರಿ? ಹಿಂದಿನ ಡಿಕ್ಕಿ ಬಾಗಿಲು ಮುಚ್ಚಿದಿರಾ? ಗುಂಡಿಗೆ ಇಳಿಸಿದಿರಾ? ಮಳೆ ಬಂದಿತ್ತಾ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ನನಗೆ ಮೊದಲ ಅನುಮಾನ ಡಿಕ್ಕಿ ಬಾಗಿಲಿನ ಕೀಲಿನ ಮೇಲೆ. ಬಹಳ ಕಾರುಗಳಲ್ಲಿ ನಂಬರ್ ಪ್ಲೇಟ್ ಲೈಟಿನ ವೈರ್ ಅಲ್ಲಿರುವ ರಬ್ಬರ್ ಕೊಳವೆಯೊಳಗೆ ಹೋಗುತ್ತದೆ. ಬಾಗಿಲು ತೆಗೆದು ಹಾಕಿದಾಗೆಲ್ಲ ಮಡಚಿ ಮಡಚಿ ವರ್ಷಗಳ ಮೇಲೆ ಸಿಪ್ಪೆ ಬಿರುಕು ಬಿಡುತ್ತದೆ. ಆ ರಬ್ಬರನ್ನು ಸರಿಸಿ ಒಳಗಿನ ಒಂದೊಂದು ವೈರನ್ನೂ ಬಾಗಿಸಿ ನೋಡಿ. ಹೊರಗಿನಿಂದ ನೋಡಿ ‘ಚೆನ್ನಾಗಿದೆ’ ಅಂದುಕೊಳ್ಳುವವರೇ ಜಾಸ್ತಿ. ನಂತರ ಹಿಂದಿನ ಲೈಟಿನ ಹೋಲ್ಡರ್ ನೋಡಿ, ನೀರು ಸೇರಿ ಹಸಿರು ಕಿಲುಬು ಕಟ್ಟಿರಬಹುದು. ಹೊರಗಡೆ ಹಾಕಿಸಿದ ಸ್ಟೀರಿಯೋ, ಫಾಗ್ ಲ್ಯಾಂಪ್ ಇದ್ದರೆ, ಅವುಗಳಿಗೆ ಪಾರ್ಕಿಂಗ್ ಲೈಟಿನಿಂದ ವೈರ್ ಎಳೆದ ಜಾಗವನ್ನೂ ಬಿಡಬೇಡಿ.

ಕಣ್ಣಿಗೆ ಏನೂ ಕಾಣದಿದ್ದರೆ ಫ್ಯೂಸ್ ಸುಡುತ್ತಾ ಕೂರಬೇಡಿ. 21 ವಾಟಿನ ಬ್ರೇಕ್ ಲೈಟ್ ಬಲ್ಬಿಗೆ ಎರಡು ವೈರ್ ಜೋಡಿಸಿ, ಫ್ಯೂಸ್ ಜಾಗದಲ್ಲಿ ಅದನ್ನು ಕೊಡಿ. ಪಾರ್ಕಿಂಗ್ ಬಲ್ಬುಗಳನ್ನು ಬಿಚ್ಚಿಟ್ಟು ಸ್ವಿಚ್ ಹಾಕಿ. ಶಾರ್ಟ್ ಇದ್ದರೆ ಈ ಬಲ್ಬ್ ಪೂರ್ತಿ ಉರಿಯುತ್ತದೆ. ಇಲ್ಲದಿದ್ದರೆ ಆರಿರುತ್ತದೆ, ಅಥವಾ ಡ್ಯಾಶ್‌ಬೋರ್ಡ್ ಬೆಳಕಿನ ದೆಸೆಯಿಂದ ಮಂಕಾಗಿ ಉರಿಯಬಹುದು. ಶಾರ್ಟ್ ಆದರೂ ಬಲ್ಬ್ ದಾಟಿ ಎರಡು ಆಂಪಿಯರಿಗಿಂತ ಜಾಸ್ತಿ ಹೋಗಲಾರದು, ಹಾಗಾಗಿ ವೈರಿಗೆ ತೊಂದರೆಯಿಲ್ಲ. ಬಲ್ಬ್ ಮಾತ್ರ ಕೈ ಸುಡುವಷ್ಟು ಕಾಯುತ್ತದೆ, ಸೀಟಿನ ಬಟ್ಟೆ ಮೇಲೆ ಇಡಬೇಡಿ. ಈಗ ಒಬ್ಬರು ಬಲ್ಬ್ ನೋಡುತ್ತಿರಲಿ, ಇನ್ನೊಬ್ಬರು ಡಿಕ್ಕಿ ಆಡಿಸಲಿ, ವೈರುಗಳನ್ನು ಒಂದೊಂದು ಕಡೆ ಅಲುಗಿಸಲಿ. ಯಾವ ಜಾಗ ಮುಟ್ಟಿದಾಗ ಬಲ್ಬ್ ಮಿನುಗುತ್ತದೋ ಅಲ್ಲೇ ಇದೆ ದೋಷ. ಯಾವ ಕನೆಕ್ಟರ್ ಬಿಚ್ಚಿದಾಗ ಬಲ್ಬ್ ಆರುತ್ತದೋ, ಅದರಿಂದ ಮುಂದಕ್ಕೆ ಹುಡುಕಿ.

ವೈರ್ ಪರೀಕ್ಷಿಸುವ ಮಲ್ಟಿಮೀಟರಿನಲ್ಲಿ ಬೀಪ್ ಕೇಳಿ ‘ಶಾರ್ಟ್’ ಎಂದು ಹೇಳುವವರನ್ನು ಸ್ವಲ್ಪ ತಡೆಯಿರಿ. ತಣ್ಣಗಿರುವ ಬಲ್ಬಿನ ರೆಸಿಸ್ಟೆನ್ಸ್ ಉರಿಯುವಾಗಿನ ಹತ್ತನೇ ಒಂದು ಪಾಲಿನಷ್ಟೇ ಇರುತ್ತದೆ. ಬಲ್ಬುಗಳನ್ನು ತೆಗೆಯದೆ ನೋಡಿದರೆ ಸರಿಯಾದ ಸರ್ಕ್ಯೂಟೂ ಬೀಪ್ ಅನ್ನಬಹುದು. ಇನ್ನೊಂದು ವಿಷಯ, ಹುಡುಕುವ ಭರದಲ್ಲಿ ಹಳದಿ ಕನೆಕ್ಟರುಗಳನ್ನು ಮುಟ್ಟಬೇಡಿ. ಸಾಮಾನ್ಯವಾಗಿ ಅವು ಏರ್‌ಬ್ಯಾಗಿನವು.

ಬಿರುಕು ಬಿಟ್ಟ ವೈರ್ ಸಿಕ್ಕರೆ ಬರೀ ಟೇಪ್ ಸುತ್ತಿ ಬಿಡುವುದು ಬೇಡ. ಬಾಗುವ ಜಾಗದಿಂದ ಆಚೀಚೆಗೆ ಅದೇ ದಪ್ಪದ ಹೊಸ ವೈರ್ ತುಂಡು ಸೇರಿಸಬೇಕು, ಜೋಡಣೆ ಕೀಲಿನಿಂದ ದೂರ ಇರಬೇಕು.

ಪ್ರಶ್ನೆ: ಟೈರಿಗೆ ಗಾಳಿ ಹಾಕುವ ಸಣ್ಣ ಪಂಪನ್ನು ಚಾರ್ಜಿಂಗ್ ಸಾಕೆಟಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ಫ್ಯೂಸ್ ಹೋಗುತ್ತದೆ. ಫೋನ್ ಚಾರ್ಜಿಗೆ ಏನೂ ಆಗಲ್ಲ.

ಉತ್ತರ: ಇದು ಲೋಡಿನ ತಕರಾರು. ಸಾಕೆಟ್ ಪಕ್ಕದಲ್ಲಿ 120 ವಾಟ್ ಎಂದು ಬರೆದಿದ್ದರೆ ಅದು 10 ಆಂಪಿಯರ್ ಆಯ್ತು. ಕೆಲವು ಪಂಪುಗಳು ಅದಕ್ಕಿಂತ ಜಾಸ್ತಿ ಎಳೆಯುತ್ತವೆ, ಟೈರಿನಲ್ಲಿ ಗಾಳಿ ತುಂಬುತ್ತಾ ಹೋದಂತೆ ಇನ್ನೂ ಜಾಸ್ತಿ. ಪಂಪಿನ ಮೇಲೆ ಬರೆದಿರುವ ಆಂಪಿಯರ್ ಓದಿ. ಸಾಕೆಟಿಗಿಂತ ಹೆಚ್ಚಿದ್ದರೆ, ಬ್ಯಾಟರಿಗೆ ನೇರ ಕ್ಲಿಪ್ ಹಾಕುವ, ವೈರಿನಲ್ಲೇ ಫ್ಯೂಸ್ ಇರುವ ಪಂಪ್ ತಗೊಳ್ಳಿ. ಫೋನಿಗೂ ಫ್ಯೂಸ್ ಹೋಗಲು ಶುರುವಾದರೆ ಆಗ ಟಾರ್ಚ್ ಹಿಡಿದು ಸಾಕೆಟ್ ಒಳಗೆ ನೋಡಿ, ನಾಣ್ಯವೋ ಪಿನ್ನೋ ಬಿದ್ದಿರಬಹುದು. ಅದನ್ನು ತೆಗೆಯುವ ಮುಂಚೆ ಫ್ಯೂಸ್ ಕಿತ್ತಿಡಿ.